ಎಮ್ಮೆಗೆ ಹೋಗಬೇಕಾಗಿದ್ದ ಹಿಟ್ಟು

ಸಿಂಧನೂರಿನ ನಮ್ಮ ಓಣಿಯಲ್ಲಿ ಒಬ್ಬಾಕೆ ಮೊನ್ನೆ ಮನೆಯ ಮುಂದಿನ ಕೋಣೆಯಲ್ಲೇ ಹಿಟ್ಟಿನ ಗಿರಣಿ ಶುರು ಮಾಡಿದ್ದಾಳೆ. ಕಾಯಿಪಲ್ಲೆ ತರಲು ಹೊರಟವಳ ಮೂಗಿಗೆ ಬಿಸಿ ಜೋಳದ ಹಿಟ್ಟಿನ ವಾಸನೆ ಬಡಿಯಿತು ನೋಡಿ, ಚೀಲ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ನೀವೂ ಚಿಕ್ಕಂದಿನಲ್ಲಿ ಡಬ್ಬಿ ಹೊತ್ತು ಗಿರಣಿ ಮುಂದೆ ಕಾದವರಾದರೆ ಆ ವಾಸನೆಯನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅರ್ಧ ಧಾನ್ಯದ್ದು, ಅರ್ಧ ಕಾದ ಕಲ್ಲಿನದು. ಚಳಿಗಾಲದಲ್ಲಿ ಆ ಬಿಸಿ ಹಿಟ್ಟಿನೊಳಗೆ ಮೊಣಕೈತನಕ ಕೈ ಇಳಿಸುವುದಿದೆಯಲ್ಲ, ಅದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿರಲಿಲ್ಲ. ಬೈಸಿಕೊಂಡಾದರೂ ಇಳಿಸುತ್ತಿದ್ದೆ. ಆ ವಾಸನೆ ಅಂದರೆ ನನಗೆ ಗುರುಗುಂಟಾದ ನಮ್ಮ ಮನೆ, ಮನೆಗೆ ಅಂಟಿಕೊಂಡಿದ್ದ ತಗಡಿನ ಗಿರಣಿ, ಹುಬ್ಬಿನ ಮೇಲೂ ಹಿಟ್ಟು ಕೂತಿರುತ್ತಿದ್ದ ನನ್ನ ಚಿಗವ್ವ ಶರಣಮ್ಮ.

ಗಿರಣಿ ಚಿಗವ್ವನ ಗಂಡ ಕಾಕಾನದು, ಅಂದರೆ ನಮ್ಮಪ್ಪನ ತಮ್ಮನದು. ಎದೆನೋವು ಅಂತ ಲಿಂಗಸುಗೂರಿನ ಬಸ್ಸು ಹತ್ತಿದವನು ತಿರುಗಿ ಬರಲಿಲ್ಲ. ಚಿಗವ್ವನಿಗೆ ಮಕ್ಕಳಿರಲಿಲ್ಲ. ಅವಳು ಮುಂದೇನು ಮಾಡಬೇಕು ಎಂಬುದನ್ನು ಮನೆಯವರು ಅವಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಕೇಳಿದರು. ಗಿರಣಿಯನ್ನು ಮುದಗಲ್ಲಿನ ಒಬ್ಬನಿಗೆ ನಡೆಸಲು ಕೊಟ್ಟು, ಅವಳನ್ನು ತವರಿಗೆ ಕಳಿಸುವುದೆಂದು ಅಪ್ಪ ತೀರ್ಮಾನಿಸಿದ. ಆಗ ಅಡುಗೆಮನೆಯ ಬಾಗಿಲ ಮರೆಯಿಂದ ದನಿ ಬಂತು: "ಗಿರಣಿ ನಾ ನಡಸ್ತೀನ್ರಿ ಬಾವಾರ." ಅಪ್ಪ ಕೆಟ್ಟವನಲ್ಲ, ಆದರೆ ಹೆಂಗಸರ ಮಾತಿಗೆ ಮೊದಲು ನಗುವ ಚಾಳಿ ಅವನಿಗಿತ್ತು. "ಹೆಣ್ಮಗಳು ಗಿರಣಿ ಪಟ್ಟಾ ಏರಸ್ತಾಳಂತ! ಆತು, ಎಳ್ಳ ಅಮಾಸಿ ತನಾ ನೋಡ್ತೀನಿ. ಊರಾಗಿನ ಡಬ್ಬಿ ನಿನ್ನ ಕಡೆ ಬಂದ್ರ ಗಿರಣಿ ನಿಂದು. ಬರಲಿಲ್ಲಂದ್ರ ಮುದಗಲ್ಲಿನವಂದು" ಅಂದ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಕೊಡಲು, ಹೋಗುವಾಗ ಪ್ರತಿ ಮನೆಯಿಂದಲೂ ಸಜ್ಜಿ ರೊಟ್ಟಿ, ಜೋಳದ ರೊಟ್ಟಿಯ ಬುಟ್ಟಿ ಹೊರಡಬೇಕು. ಗಿರಣಿಗೆ ವರ್ಷದ ಸುಗ್ಗಿಯೇ ಅದು. ಅದಕ್ಕೆ ಇನ್ನು ಹದಿನೈದೇ ದಿನ ಇತ್ತು.

ಕಷ್ಟ ಬಂದದ್ದು ಕಲ್ಲಿನಿಂದ. ಬೀಸುವ ಕಲ್ಲು ಸವೆದು ನುಣ್ಣಗಾದರೆ ಹಿಟ್ಟು ತರಿತರಿ ಬೀಳುತ್ತದೆ. ಚಾಣ ಸುತ್ತಿಗೆ ಹಿಡಿದು ಕಲ್ಲಿನ ಮುಖಕ್ಕೆ ಮತ್ತೆ ಕಚ್ಚು ಹಾಕಬೇಕು. ಆ ಕೆಲಸಕ್ಕೆ ಮಸ್ಕಿಯಿಂದ ಒಬ್ಬ ಬರುತ್ತಿದ್ದ, ಇಲ್ಲವೇ ಕಾಕಾ ತಾನೇ ಮಾಡುತ್ತಿದ್ದ. ಎರಡು ಸಲ ಹೇಳಿ ಕಳಿಸಿದರೂ ಮಸ್ಕಿಯವನು ಬರಲಿಲ್ಲ. ಹೆಂಗಸಿನ ಗಿರಣಿ ಎಷ್ಟು ದಿನ ನಡೆದೀತು ಅಂದುಕೊಂಡನೋ ಏನೋ. ಚಿಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಪಕ್ಕದ ಮನೆಯ ಹುಲಿಗೆಮ್ಮ, ವಳಕಮದಿನ್ನಿ ಕಡೆ ಭತ್ತದ ನಾಟಿಗೆ ಹೋಗಿ ಬರುತ್ತಿದ್ದ ಗಟ್ಟಿ ರಟ್ಟೆಯವಳು, ಕಲ್ಲು ಎತ್ತಿ ಹೊರಳಿಸಲು ಬಂದಳು. ಮಟಮಟ ಮಧ್ಯಾಹ್ನ ಗಿರಣಿಯ ಬಾಗಿಲು ಹಾಕಿಕೊಂಡು ಮೂವರೂ ಕೂತೆವು. ಎಲ್ಲಿ ನುಣುಪಿದೆ ಎಂದು ಅಂಗೈ ಆಡಿಸಿ ಹೇಳುವುದು ನನ್ನ ಕೆಲಸ. ಇಷ್ಟು ವರ್ಷ ಕಾಕಾನಿಗೆ ಊಟ ತಂದಾಗೆಲ್ಲ ಚಿಗವ್ವ ಸುಮ್ಮನೆ ನಿಂತಿರಲಿಲ್ಲ ಎನ್ನುವುದು ಅವತ್ತು ಗೊತ್ತಾಯಿತು. ನಡುವಿನಿಂದ ಅಂಚಿಗೆ ಒಂದೊಂದೇ ಗೆರೆ ಎಷ್ಟು ಚೆಂದ ಎಳೆದಳು! ಮೂರನೆಯ ದಿನ ಮೋಟರಿನ ಚಕ್ರಕ್ಕೆ ಪಟ್ಟಾ ಏರಿಸಿ ಗುಂಡಿ ಒತ್ತಿದಾಗ ಗಿರಣಿ ಗುರುಗುಟ್ಟಿತು. ಹುಲಿಗೆಮ್ಮ ನನ್ನನ್ನು ಎತ್ತಿ ಗಿರ್ರನೆ ತಿರುಗಿಸಿದಳು, ನಾನು ಕೇಕೆ ಹಾಕಿದೆ.

ಮೊದಲ ಹಿಟ್ಟು ದೇವರಿಗೆ, ಜಂಗಮರಿಗೆ; ಇದು ನಮ್ಮ ಮನೆಯ ರೂಢಿ. ಹೊಸ ಜೋಳ ಇರಲಿ, ಎಮ್ಮೆ ಈದ ಗಿಣ್ಣ ಇರಲಿ, ಮೊದಲ ಪಾಲು ಮಠಕ್ಕೆ. ಚಿಗವ್ವ ಕೈಮುಗಿದು ಮೊದಲ ಹಿಟ್ಟನ್ನು ಡಬ್ಬಿಗೆ ತುಂಬಿ ನನ್ನ ಸೊಂಟಕ್ಕೇರಿಸಿದಳು. ನಾನು ಓಡಿದ್ದೇ ಓಡಿದ್ದು.

ಮರುದಿನ ಸೋಮವಾರ, ಮಠದಲ್ಲಿ ದಾಸೋಹ. ರೊಟ್ಟಿ ಬಡಿದವಳು ಈರಮ್ಮಜ್ಜಿ, ಊರಿನಲ್ಲಿ ಹಿಟ್ಟಿನ ಗುಣ ಹೇಳುವುದರಲ್ಲಿ ಅವಳದೇ ಕೊನೆಯ ಮಾತು. ಪಂಕ್ತಿಯಲ್ಲಿ ಅಪ್ಪನೂ ಕೂತಿದ್ದ. ರೊಟ್ಟಿ, ಪುಂಡಿಪಲ್ಲೆ ಬಡಿಸಿಯಾಯಿತು. ಮೊದಲ ತುತ್ತಿಗೇ ಸಾಲಿನ ಉದ್ದಕ್ಕೂ ಕರ್ ಕರ್ ಸದ್ದು. ಒಬ್ಬೊಬ್ಬರೇ ದವಡೆ ಹಿಡಿದುಕೊಂಡರು. ಮಠದ ಸ್ವಾಮಿಗಳು, ನಮ್ಮೆಲ್ಲರ ಅಜ್ಜಾರು, ಬಾಯಿಂದ ಕಲ್ಲಿನ ಹರಳು ತೆಗೆದು ಅಂಗೈ ಮೇಲಿಟ್ಟು ನೋಡಿದರು. "ಈ ಹಿಟ್ಟು ಯಾರ ಗಿರಣೀದು?" ಅಪ್ಪ ನನ್ನ ಕಡೆ ತಿರುಗಿದ. ಮುಗಿಯಿತು, ಮುದಗಲ್ಲಿನವನು ಬಂದ ಅಂದುಕೊಂಡೆ. ಗಿರಣಿಗೆ ಓಡಿದೆ.

ವಿಷಯ ಕೇಳಿದ ಚಿಗವ್ವ ಮುಖ ಕೂಡ ತೊಳೆಯಲಿಲ್ಲ. ಎಂದೂ ಗಂಡಸರ ಎದುರಿಗೆ ಬಂದು ಮಾತಾಡದವಳು ಪಂಕ್ತಿಯ ನಡುವೆ ಬಂದು ನಿಂತಳು. "ಅಜ್ಜಾರ, ತಪ್ಪು ನಂದರೀ. ಕಲ್ಲಿಗೆ ಕಚ್ಚು ನಾನ ಹಾಕೀನಿ. ಕಚ್ಚು ಹಾಕಿದ ಮ್ಯಾಲ ಮೊದಲ ಹಿಟ್ಟಿನಾಗ ಕಲ್ಲಿನ ಪುಡಿ ಬರತೈತಿ ಅಂತ ಈಗ ತಿಳೀತ್ರಿ. ಎಮ್ಮಿಗೆ ಹಾಕೋದನ್ನ ಮಠಕ್ಕ ಕಳಿಸೀನ್ರಿ." ಕಾಕಾ ಆ ಮೊದಲ ಸೇರನ್ನು ಬೆಳಿಗ್ಗೆಯೇ ಬೀಸಿ ಎಮ್ಮೆಗೆ ಹಾಕಿಬಿಡುತ್ತಿದ್ದ. ಊಟದ ಹೊತ್ತಿಗೆ ಹೋಗುತ್ತಿದ್ದ ಅವಳು ಅದೊಂದನ್ನು ನೋಡಿರಲಿಲ್ಲ.

ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಅಂದ್ರ ಎಮ್ಮಿ ಪಾಲು ನಾವು ತಿಂದೀವಿ!" ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಈರಮ್ಮಜ್ಜಿ ಮಾತ್ರ ನಗಲಿಲ್ಲ. "ಕಚ್ಚು ನೀನ ಹಾಕೀಯೇನಬೇ? ಚಾಣ ಹಿಡದು?" ಅಂತ ಕೇಳಿ, ಚಿಗವ್ವನ ಅಂಗೈ ಹೊರಳಿಸಿ ಬೊಬ್ಬೆಗಳನ್ನು ನೋಡಿದಳು. ನಾಳೆ ಬರುತ್ತೇನೆ ಅಂದಳು. ಹೇಳಿದಂತೆ ಮರುದಿನ ಬಂದಳು. ಬೀಳುತ್ತಿದ್ದ ಹಿಟ್ಟನ್ನು ಹೆಬ್ಬೆರಳಿನಿಂದ ತಿಕ್ಕಿದಳು, ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. "ನಿನ್ನ ಗಂಡ ಇಷ್ಟು ನುಣ್ಣಗ ಎಂದೂ ಬೀಸಿದ್ದಿಲ್ಲ ಬಿಡು" ಅಂದಳು.

ಆಮೇಲಿನ ಆ ವಾರ! ಡಬ್ಬಿ, ಬುಟ್ಟಿ, ಚೀಲಗಳ ಪಾಳಿ ನಮ್ಮ ಕಟ್ಟೆ ದಾಟಿ ಬಸ್ಸಿನ ರಸ್ತೆ ಮುಟ್ಟಿತು. ಹುಲಿಗೆಮ್ಮ ನಾಟಿ ಬಿಟ್ಟು ಗಿರಣಿಗೇ ನಿಂತಳು. ಹೆಂಗಸರ ನಗು ಪಟ್ಟಾದ ಸದ್ದನ್ನೂ ಮೀರುತ್ತಿತ್ತು. ಅಮಾವಾಸ್ಯೆಗೆ ಎರಡು ದಿನ ಇದ್ದಾಗ ಪಾಳಿಯ ಕೊನೆಯಲ್ಲಿ ಒಬ್ಬ ಗಂಡಸು ಬಂದು ನಿಂತ. ತಲೆಯ ಮೇಲೆ ಸಜ್ಜಿ ಬುಟ್ಟಿ. ನಮ್ಮಪ್ಪ! ಹಿಂದಿನ ಬಾಗಿಲಿಂದ ಬಂದರೆ ಗಿರಣಿ ನಾಲ್ಕು ಹೆಜ್ಜೆ. ಅವನು ಊರೆಲ್ಲ ನೋಡುವಂತೆ ಮುಂದಿನಿಂದ ಬಂದಿದ್ದ. ಹೆಂಗಸರು ದಾರಿ ಬಿಡಲು ಹೋದರು. ಚಿಗವ್ವ ತಲೆ ಎತ್ತದೆ, "ಪಾಳಿ ಪ್ರಕಾರ ಬರ್ರಿ ಬಾವಾರ" ಅಂದಳು. "ಆತವ್ವ" ಅಂದ ಅಪ್ಪ. ಬಿಸಿಲಲ್ಲಿ ಎರಡು ತಾಸು ನಿಂತ. ಅಷ್ಟು ಸಂತೋಷ ನನಗೆ ಮತ್ತೆ ಯಾವ ಹಬ್ಬದಲ್ಲೂ ಆಗಿಲ್ಲ.

ಎಷ್ಟೋ ವರ್ಷಗಳ ಮೇಲೆ ಅಪ್ಪ ತೀರಿಹೋದ, ಹಿಂದೆಯೇ ಚಿಗವ್ವನೂ ಹೋದಳು. ಹುಲಿಗೆಮ್ಮ ಮಸ್ಕಿಯಲ್ಲಿ ಸ್ವಂತ ಗಿರಣಿ ಇಟ್ಟು, ಈಗ ಸೊಸೆಗೆ ಕಚ್ಚು ಹಾಕುವುದು ಕಲಿಸುತ್ತಿದ್ದಾಳೆ. ನಮ್ಮ ಮನೆ ಪಾಲಾಗಿ, ಗಿರಣಿಯ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಕಳೆದ ತಿಂಗಳು ಊರಿಗೆ ಹೋದಾಗ ಬಸ್ಸಿನ ಕಂಡಕ್ಟರ್ ಯಾರೋ ಹೊಸಬ, ಬೇರೆ ಜಿಲ್ಲೆಯವನು. ಊರಿನ ಸ್ಟಾಪು ಬರುತ್ತಲೇ ಬಾಗಿಲಿಗೆ ಜೋತುಬಿದ್ದು ಕೂಗಿದ: "ಶರಣಮ್ಮನ ಗಿರಣಿ! ಶರಣಮ್ಮನ ಗಿರಣಿ ಯಾರ್ರೀ ಇಳಿಯೋರು?"

ನಾನು ಕೈ ಎತ್ತಿದೆ.