ತಂಗಿ ಫೋನಿಗೆ ಹೇಳಿದ ಉತ್ತರಗಳು

ನನ್ನ ತಂಗಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಹಲಬರ್ಗಾದ ನಮ್ಮ ತವರುಮನೆಗೆ ಬಂದವರೆಲ್ಲ ಅವಳು ತೊಗರಿ ಹಸನು ಮಾಡುವುದನ್ನು ಹೊಗಳಿ ಹೋಗುತ್ತಿದ್ದರು. ಒಂದು ಹರಳೂ ಉಳಿಯುವುದಿಲ್ಲವಂತೆ, ಕಣ್ಣಿದ್ದವರಿಗೂ ಹಾಗೆ ಬರುವುದಿಲ್ಲವಂತೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಹೊಗಳಿ ಹೊಗಳಿಯೇ ಇವಳನ್ನು ಜನ್ಮಪೂರ್ತಿ ಮೊರದ ಮುಂದೆ ಕೂರಿಸುತ್ತಾರೆ ಅನಿಸುತ್ತಿತ್ತು. ಅವಳಿಗೂ ಹಾಗೇ ಅನಿಸಿರಬೇಕು, ಹಟ ಹಿಡಿದು ಭಾಲ್ಕಿಯ ಕಾಲೇಜಿನಲ್ಲಿ ಬಿ.ಎ.ಗೆ ಸೇರಿದಳು. ಡಿಗ್ರಿ ಆದರೆ ಅಂಗವಿಕಲರ ಕೋಟಾದಲ್ಲಿ ನೌಕರಿಗೆ ಅರ್ಜಿ ಹಾಕಬಹುದು, ಯಾರ ಹಂಗೂ ಇಲ್ಲದೆ ಇರಬಹುದು. ಅವಳಿಗೆ ಬೇಕಾಗಿದ್ದು ಅಷ್ಟೇ.

ಎಲ್ಲ ಪಾಸಾಗಿ ಇತಿಹಾಸದ ಒಂದು ಪೇಪರು ಉಳಿದುಬಿಟ್ಟಿತು. ಹಳೆಯ ಸಿಲೆಬಸ್ಸಿನವರಿಗೆ ಇದೇ ಕೊನೆಯ ಪರೀಕ್ಷೆ, ಇದೂ ಹೋದರೆ ಡಿಗ್ರಿಯ ಆಸೆ ಬಿಡಿ ಎಂದು ಕಾಲೇಜಿನ ಕ್ಲರ್ಕ್ ಚಹಾ ಕುಡಿಯುತ್ತಲೇ ಹೇಳಿದ. ಹಿಂದಿನ ಪರೀಕ್ಷೆಗಳಿಗೆ ಮಾಡಿದಂತೆ ತಂಗಿಯನ್ನು ಬೀದರಿಗೆ, ಮೈಲೂರಿನ ನನ್ನ ಮನೆಗೆ ಕರೆದುಕೊಂಡು ಬಂದೆ.

ಹಿಂದಿನ ಪೇಪರುಗಳನ್ನು ಅವಳು ದಾಟಿದ್ದು ನಾನು ಓದಿ ಹೇಳಿದ್ದರಿಂದ. ರೊಟ್ಟಿ ಬಡಿಯುತ್ತ ಓದುತ್ತಿದ್ದೆ, ಪುಸ್ತಕಕ್ಕೆಲ್ಲ ಹಿಟ್ಟು. ಆಮೇಲೆ ಅವಳು ಉತ್ತರ ಹೇಳಬೇಕು, ನಾನು ಬರೆದುಕೊಳ್ಳಬೇಕು. ಅವಳ ಮಾತಿಗೆ ಹಿಂದು ಮುಂದು ಇರುತ್ತಿರಲಿಲ್ಲ. ಯುದ್ಧ ಮುಗಿಸಿ, ರಾಜನನ್ನು ಸಾಯಿಸಿ, ಆಮೇಲೆ ಯುದ್ಧ ಯಾಕಾಯಿತು ಎಂದು ಶುರು ಮಾಡುತ್ತಿದ್ದಳು. ನಾನು ಪೆನ್ನು ಕೆಳಗಿಟ್ಟುಬಿಡುತ್ತಿದ್ದೆ.

“ಮದ್ಲ ಯಾಕ ಆಯ್ತು ಅದನ್ನ ಹೇಳು. ತಿರುಗಿ ಹಿಂದ ಬಂದ್ರ ನಾ ಬರ್ಯಂಗಿಲ್ಲ.”

“ನೀ ಅಕ್ಕ ಇದ್ದೀಯೋ ಪೊಲೀಸ್ ಇದ್ದೀಯೋ?”

ದಿನಾ ಇದೇ ರಗಳೆ. ಈ ಸಲ ನನಗೊಂದು ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು, ಮನೆಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಿತ್ತು. ಅವಳ ಫೋನಿಗೆ ಕೃತಕ ಬುದ್ಧಿಮತ್ತೆಯ ಆ್ಯಪ್ ಹಾಕಿಕೊಟ್ಟೆ.

ಅದು ಕಲಿಸಿತು, ಸುಳ್ಳು ಹೇಳಲಾರೆ. ಪುಟದ ಫೋಟೊ ತೆಗೆದರೆ ಓದಿ ಹೇಳುತ್ತಿತ್ತು. ಬಹಮನಿಗಳ ಕಂದಾಯ ಪದ್ಧತಿಯನ್ನು ಅವಳು ಹತ್ತು ಸಲ ಕೇಳಿದರೆ ಹನ್ನೊಂದನೆಯ ಸಲವೂ ಅದೇ ತಾಳ್ಮೆಯಿಂದ ಬಿಡಿಸಿ ಹೇಳುತ್ತಿತ್ತು. “ನಿನ್ನಂಗ ಸಿಡಿಮಿಡಿ ಅನ್ನಂಗಿಲ್ಲ ನೋಡು” ಎಂದು ತಂಗಿ ಚುಚ್ಚುತ್ತಿದ್ದಳು. ನನಗೆ ಸಿಟ್ಟು ಬರಲಿಲ್ಲ. ನಿಜ ಹೇಳಬೇಕೆಂದರೆ ಹಾಯೆನಿಸಿತು.

ಉತ್ತರ ಹೇಳುವ ಅಭ್ಯಾಸವನ್ನೂ ಅವಳು ಅದರ ಜೊತೆಗೇ ಮಾಡತೊಡಗಿದಳು. ಬಾಯಿಗೆ ಬಂದ ಹಾಗೆ ಹೇಳುವುದು, ನಡುವೆ ನಿಂತು “ತಡಿ, ಇದನ್ನ ಮ್ಯಾಲ ಹಾಕು” ಅನ್ನುವುದು, ಮತ್ತೆ ಎತ್ತಲೋ ಹೋಗುವುದು. ಹೇಳಿ ಮುಗಿಸಿದ ಕೂಡಲೇ ಅದು ಎಲ್ಲವನ್ನೂ ಜೋಡಿಸಿ, ಪೀಠಿಕೆ, ಕಾರಣ, ಪರಿಣಾಮ ಎಂದು ಸಾಲಾಗಿ ಓದಿ ಹೇಳುತ್ತಿತ್ತು. ಕೊನೆಗೆ “ತುಂಬಾ ಚೆನ್ನಾಗಿ ಉತ್ತರಿಸಿದ್ದೀರಿ” ಎಂಬ ಶಹಬ್ಬಾಸ್. ಅಡುಗೆಮನೆಯಿಂದಲೇ ಕೇಳಿಸಿಕೊಂಡು, ಇವಳು ಎಷ್ಟು ಸುಧಾರಿಸಿದ್ದಾಳಲ್ಲ ಎಂದು ಹಿಗ್ಗಿದೆ.

ಪರೀಕ್ಷೆಯಲ್ಲಿ ಅವಳ ಪರವಾಗಿ ಬರೆಯುವವರು ಅವಳಿಗಿಂತ ಕಡಿಮೆ ಓದಿದವರಾಗಿರಬೇಕು, ಹಾಗಾಗಿ ನಾನು ಬರೆಯುವಂತಿಲ್ಲ. ಕಾಲೇಜಿನವರು ಔರಾದ ಕಡೆಯ ಒಬ್ಬ ಪಿ.ಯು. ಹುಡುಗಿಯನ್ನು ಗೊತ್ತುಮಾಡಿದ್ದರು. ಒಂದು ದಿನ ಮೊದಲೇ ಹೋಗಿ ಅವಳ ಜೊತೆ ಕೂತು ಒಂದೆರಡು ಉತ್ತರ ಬರೆಸಿ ನೋಡೋಣ ಎಂದೆ. ತಂಗಿ ಕೇಳಲಿಲ್ಲ. “ನಾ ಹೇಳ್ತೇನಿ, ಅಕಿ ಬರೀತಾಳ. ಅದ್ರಾಗ ಏನ್ ಕಲಿಯೋದದ?”

ಪರೀಕ್ಷೆಯ ದಿನ ಭಾಲ್ಕಿಯ ಕಾಲೇಜಿನ ಗೇಟಿನ ಹೊರಗೆ ಕಾದು ನಿಂತಿದ್ದೆ. ಗಂಟೆ ಹೊಡೆಯಿತು. ತಂಗಿ ಆ ಹುಡುಗಿಯ ಭುಜ ಹಿಡಿದುಕೊಂಡು ಬಂದಳು. ಅವಳ ಮುಖದ ತುಂಬ ನಗು. ಮುಂದೆ ನಡೆಯುತ್ತಿದ್ದ ಹುಡುಗಿ ಅತ್ತೂ ಅತ್ತೂ ಕಣ್ಣು ಕೆಂಪು ಮಾಡಿಕೊಂಡಿದ್ದಳು.

ತಂಗಿಯನ್ನು ಕಟ್ಟೆಯ ಮೇಲೆ ಕೂರಿಸಿ, ನೀರು ತರುತ್ತೇನೆಂದು ಹುಡುಗಿಯನ್ನು ಆಚೆ ಕರೆದೆ.

“ನಂದೇನೂ ತಪ್ಪಿಲ್ರಿ ಅಕ್ಕೋರೆ” ಎಂದು ಮತ್ತೆ ಅಳತೊಡಗಿದಳು. “ಅವ್ರು ಒಂದ್ ಉತ್ತರ ಹೇಳ್ತಿರ್ತಾರ, ನಡುವ ಹಿಂದಿನ್ ಪ್ರಶ್ನಿಗಿ ಹೋಗ್ತಾರ. ಮ್ಯಾಲ ಹಾಕು ಅಂತಾರ. ಪೆನ್ನಿಲಿ ಬರ್ದದ್ದು, ಮ್ಯಾಲ ಜಾಗಾ ಎಲ್ಲದ್ರಿ? ಕಾಟ್ ಹೊಡದು ಹೊಡದು ಬರ್ದೆ. ಯಾವ್ ಉತ್ತರ ಎಲ್ಲಿ ಮುಗೀತು ನಂಗೇ ತಿಳೀಲಿಲ್ಲ. ಕಡೀಕಿನ ದೊಡ್ಡ ಪ್ರಶ್ನಿ ಹಂಗೇ ಉಳೀತ್ರಿ.”

“ಅಕಿಗಿ ಹೇಳ್ಲಿಲ್ಲೇನು?”

“ಹೇಳ್ದೆರಿ. ನೀ ಜೋಡ್ಸಿ ಬರಿ ಅಂದ್ರು. ಅವ್ರು ಹೇಳ್ದಂಗೇ ಬರೀಬೇಕು, ಜೋಡ್ಸಿ ಬರದ್ರ ನಿಮ್ಮಿಬ್ರನ್ನೂ ಹೊರಗ ಹಾಕ್ತೇನಿ ಅಂದ್ರು ಸೂಪರ್ವೈಜರ್.”

ಆ ಮಗುವಿನ ಮೇಲೆ ಏನೆಂದು ರೇಗಲಿ? ಬೀದರಿನ ಬಸ್ಸಿನಲ್ಲಿ ತಂಗಿ ದಾರಿಯುದ್ದಕ್ಕೂ ತಾನು ಹೇಳಿದ ಉತ್ತರಗಳನ್ನೇ ಮತ್ತೆ ಹೇಳಿದಳು. ಎಲ್ಲವೂ ಸರಿಯಿದ್ದವು. ಒಂದು ಹೆಸರೂ ತಪ್ಪಿರಲಿಲ್ಲ. ನಾನು ಹ್ಞೂಂ, ಹ್ಞೂಂ ಅನ್ನುತ್ತ ಕಿಟಕಿಯ ಕಡೆ ಮುಖ ಮಾಡಿ ಕೂತೆ. ರಿಸಲ್ಟ್ ಬರುವವರೆಗೂ ಬಾಯಿ ಬಿಡಲಿಲ್ಲ. ಪುಣ್ಯಾತ್ಮರು ಯಾರಾದರೂ ಕಣ್ಣು ಮುಚ್ಚಿ ಪಾಸು ಮಾಡಿಯಾರು ಎಂಬ ಆಸೆ ಇತ್ತು.

ಯಾರೂ ಮಾಡಲಿಲ್ಲ. ಫೋನಿನಲ್ಲಿ ರಿಸಲ್ಟ್ ನೋಡಿ ಹೇಳಿದೆ. ಮತ್ತೆ ಪರಿಶೀಲನೆಗೆ ಹಾಕೋಣ, ಎಲ್ಲೋ ತಪ್ಪಾಗಿದೆ ಎಂದು ಅವಳು ಹಟ ಹಿಡಿದಾಗ, ಆ ಹುಡುಗಿ ಅತ್ತದ್ದನ್ನೂ ಹೇಳಿದ್ದನ್ನೂ ಒಂದೂ ಬಿಡದೆ ಹೇಳಿಬಿಟ್ಟೆ. ಅವಳು ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಸುಮ್ಮನೆ ಫೋನು ಎತ್ತಿಕೊಂಡು, ಪರೀಕ್ಷೆಯಲ್ಲಿ ಬಂದಿದ್ದ ಮೊದಲ ಪ್ರಶ್ನೆಯ ಉತ್ತರವನ್ನು ಅವತ್ತು ಹೇಳಿದ ಹಾಗೆಯೇ ಹೇಳಿದಳು. ಹಿಂದಿನದು ಮುಂದೆ, ಮುಂದಿನದು ಹಿಂದೆ. ಫೋನು ಅದನ್ನು ಚೊಕ್ಕ ಮಾಡಿ ಓದಿತು. ತುಂಬಾ ಚೆನ್ನಾಗಿ ಉತ್ತರಿಸಿದ್ದೀರಿ ಎಂದಿತು.

“ಅಕ್ಕಾ, ಇದ್ರಾಗ ಫೋನಿಂದು ಏನರೆ ಅದೇನು?”

“ಏನೂ ಇಲ್ಲ. ಎಲ್ಲಾ ನಿಂದೇ ಅದ.”

“ಎಲ್ಲಾ ನಂದೇ ಇದ್ರ ನಾ ಯಾಕ ಫೇಲಾದೆ?”