ಬಣ್ಣ ಮೊದಲು ಮೇಲಿನ ಮನೆಗೆ

ಅಣ್ಣ ತೀರಿಕೊಂಡದ್ದು ಪುಷ್ಯದ ಕೊನೆಯಲ್ಲಿ. ಅವನಿಗೆ ಹನ್ನೆರಡು, ನನಗೆ ಒಂಬತ್ತು. ಜ್ವರ ಬಂದು ಐದನೆಯ ದಿನ ಹೋದ. ಅಪ್ಪ ಅವನನ್ನು ಸುಡಲು ಮಣಿಕರ್ಣಿಕಾ ಘಾಟಿಗೆ ಒಯ್ದು ಬಂದರು. ನಾನು ಹೋಗಿರಲಿಲ್ಲ, ಹಾಗಾಗಿ ಅಲ್ಲಿಯದನ್ನು ಬರೆಯಲಾರೆ. ಹೋಳಿ ಬಂದಾಗ ಎರಡು ತಿಂಗಳೂ ತುಂಬಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು ಇದು. ಅಪ್ಪನಿಗೆ ಧಾರವಾಡದಿಂದ ಕಾಶಿಯ ಬ್ಯಾಂಕಿಗೆ ವರ್ಗವಾಗಿತ್ತು. ಅಸ್ಸಿಯ ಹತ್ತಿರ ಒಂದು ಗಲ್ಲಿಯಲ್ಲಿ ಮೇಲಿನ ಎರಡು ಕೋಣೆ ನಮ್ಮದು. ಕೆಳಗೆ ಮನೆಯೊಡತಿ, ಅವರ ಇಬ್ಬರು ಮಕ್ಕಳ ಸಂಸಾರ, ನಡುವೆ ಅಂಗಳ, ಅಂಗಳದಲ್ಲಿ ಕೈಪಂಪು. ಮನೆಯೊಡತಿಯನ್ನು ನಾವು ಚಾಚಿ ಎನ್ನುತ್ತಿದ್ದೆವು; ಅವರು ಅವ್ವನನ್ನು ಬಹೂ, ಅಂದರೆ ಸೊಸೆ, ಎನ್ನುತ್ತಿದ್ದರು. ಅವ್ವನಿಗೆ ತರಕಾರಿ ಕೊಳ್ಳುವಷ್ಟು ಹಿಂದಿ ಬರುತ್ತಿತ್ತು. ಅಣ್ಣ ಹೋದ ಮೇಲೆ ಅವಳು ತರಕಾರಿಗೂ ಕೆಳಗಿಳಿದಿರಲಿಲ್ಲ. ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಅಡುಗೆ ಮಾಡುತ್ತಿದ್ದಳು, ನನ್ನ ಹೆರಳು ಹಾಕುತ್ತಿದ್ದಳು. ಮಾತು ಮಾತ್ರ ನಿಂತಿತ್ತು.

ಬಣ್ಣದ ದಿನ ಬೆಳಿಗ್ಗೆ ಅಪ್ಪ ಬಾಗಿಲಿಗೆ ಅಗುಳಿ ಹಾಕಿದರು.

"ನಮ್ಮೊಳಗ ವರ್ಷ ತುಂಬೂತನಕ ಹಬ್ಬ ಇಲ್ಲ. ಯಾರರೆ ಬಂದ್ರ ಬಾಗಲಾ ತಗೀಬ್ಯಾಡ," ಎಂದು ನನಗೆ ಹೇಳಿ, ಹಿಂದಿನ ದಿನದ ಪೇಪರು ಹಿಡಿದು ಕೂತರು.

ನಾನು ಕಿಟಕಿಯಿಂದ ಅಂಗಳ ನೋಡಿದೆ. ಮುತ್ತುಗದ ಹೂ ಕುದಿಸಿದ ಕೇಸರಿ ನೀರು ಎರಡು ಬಕೆಟ್ ತುಂಬಾ ಇತ್ತು. ಚಾಚಿಯ ಮೊಮ್ಮಕ್ಕಳು, ಪಕ್ಕದ ಮನೆಯ ಹುಡುಗರು ಪಿಚಕಾರಿ ಹಿಡಿದು ಸುತ್ತ ನಿಂತಿದ್ದರು. ಯಾರ ಮೈಮೇಲೂ ಒಂದು ಹನಿ ಬಣ್ಣವಿರಲಿಲ್ಲ. ಗಲ್ಲಿಯ ಉಳಿದೆಲ್ಲ ಮನೆಗಳಲ್ಲಿ ಆಗಲೇ ಗದ್ದಲ ಶುರುವಾಗಿತ್ತು.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ಚಾಚಿ.

"ಬಾಬೂಜಿ, ಖೋಲಿಯೇ, ಬಾಗಿಲು ತೆಗೀರಿ. ನಾನು ಹೋಳಿ ಆಡೋದಕ್ಕೆ ಬಂದಿಲ್ಲ. ಈ ಮೊಣಕಾಲು ಇಟ್ಕೊಂಡು ಇಷ್ಟು ಮೆಟ್ಟಿಲು ಹತ್ತಿ ಯಾರು ಆಡ್ತಾರೆ?"

ಅಪ್ಪ ಕೂತಲ್ಲಿಂದಲೇ ಹಿಂದಿಯಲ್ಲಿ ಹೇಳಿದರು: "ಮಾಫ್ ಕೀಜಿಯೇ ಚಾಚಿಜಿ. ನಮ್ಮಲ್ಲಿ ಇದು ನಡೆಯೋದಿಲ್ಲ."

"ನಮ್ಮಲ್ಲಿ ಇದು ಆಗದೆ ಬೇರೇನೂ ನಡೆಯೋದಿಲ್ಲ. ಸಾವಾದ ಮನೆಗೆ ಮೊದಲನೇ ಹೋಳೀಲಿ ನೆರೆಯವರೇ ಬಂದು ಗುಲಾಲು ಹಚ್ಚಬೇಕು. ಆಗಲೇ ಶೋಕ ಏಳೋದು. ನಿಮಗೆ ಹಚ್ಚದೆ ಕೆಳಗೆ ನಾವು ಹೇಗೆ ಆಡೋಣ? ಹೋಗಲಿ, ನಮ್ಮದು ಬಿಡಿ. ಇವತ್ತು ತಪ್ಪಿದರೆ ಬಹೂ ಮುಂದಿನ ಹೋಳಿವರೆಗೂ ಆ ಕೋಣೇಲೇ ಕೂತಿರ್ತಾಳೆ. ಅದನ್ನ ನೋಡ್ತೀರಾ?"

ಕೆಳಗಿನಿಂದ ಒಬ್ಬ ಮೊಮ್ಮಗ ಕೂಗಿದ: "ದಾದೀ, ಜಲ್ದೀ! ನೀರು ತಣ್ಣಗಾಯ್ತು!"

"ಚುಪ್, ಕೋತಿ!"

ಅಪ್ಪ ಪೇಪರನ್ನು ಮಡಚಿಟ್ಟು ಎದ್ದು, ಕಿಟಕಿಯ ಕಡೆ ಮುಖ ಮಾಡಿ ನಿಂತರು. ಅದು ಒಪ್ಪಿಗೆಯೋ ಅಲ್ಲವೋ ನಾನು ಕೇಳಲಿಲ್ಲ. ಆಮೇಲೂ ಕೇಳಿಲ್ಲ. ಅಗುಳಿ ತೆಗೆದೆ.

ಚಾಚಿ ಹಳೆಯ ಬಿಳಿ ಸೀರೆ ಉಟ್ಟಿದ್ದರು. ಒಂದು ಕೈಯಲ್ಲಿ ಗುಲಾಲಿನ ಪೊಟ್ಟಣ, ಇನ್ನೊಂದರಲ್ಲಿ ಬಟ್ಟೆ ಮುಚ್ಚಿದ ಹಿತ್ತಾಳೆ ತಾಟು, ಅದರಲ್ಲಿ ಗುಜಿಯಾ. ನಮ್ಮ ಕರಿಗಡುಬಿನ ಹಾಗೆಯೇ, ಒಳಗೆ ಖೋವಾ. "ಬಾ ಬಿಟಿಯಾ," ಎಂದು ಹತ್ತಿರ ಕರೆದು ನನ್ನ ಹಣೆಗೆ ಒಂದು ಚಿಟಿಕೆ ಗುಲಾಲು ಒತ್ತಿದರು. ಪುಡಿ ಸ್ವಲ್ಪ ಮೂಗಿನ ಮೇಲೆ ಉದುರಿತು. ನನಗೆ ಅಳು ಬರಲಿಲ್ಲ, ಏನೂ ಅನ್ನಿಸಲಿಲ್ಲ. ಚಾಚಿ ಕಟಾಂಜನದ ಮೇಲೆ ಬಾಗಿ ಕೆಳಗೆ ಕೂಗಿದರು: "ಹೋ ಗಯಾ, ಆಯ್ತು!"

ನೀರು ಎರಚಿದ ಸದ್ದು ಬಂತು. ಅದರ ಹಿಂದೆಯೇ ಇನ್ನೊಂದು ಸದ್ದು: ಬಾಯಿಗೆ ಕೈ ಬಡಿದುಕೊಂಡು ಲಬೋ ಲಬೋ ಎಂದು ಹೊಯ್ಕೊಳ್ಳುವುದು. ಧಾರವಾಡದ ಕಡೆ ಕಾಮಣ್ಣನನ್ನು ಸುಟ್ಟಾಗ ಹುಡುಗರು ಹಾಗೆ ಹೊಯ್ಕೊಳ್ಳುತ್ತಾರೆ, ಸತ್ತವನಿಗಾಗಿ ಅಳುವಂತೆ. ಕಾಶಿಯ ಆ ಗಲ್ಲಿಯಲ್ಲಿ ಅದು ಇರಲಿಲ್ಲ. ಹಿಂದಿನ ವರ್ಷ ಅಣ್ಣ ಪಂಪಿನ ಕಟ್ಟೆಯ ಮೇಲೆ ನಿಂತು ಅವರಿಗೆಲ್ಲ ಕಲಿಸಿದ್ದ.

ಅವ್ವ ಒಳಕೋಣೆಯಿಂದ ಎದ್ದು ಬಂದಳು. ಕೈಯಲ್ಲಿ ಅಕ್ಕಿ ಆರಿಸುವ ಮೊರ ಹಾಗೆಯೇ ಇತ್ತು.

"ಇದನ್ನ ಇವರಿಗೆ ಯಾರು ಕಲಿಸ್ಯಾರ?"

"ಅಣ್ಣ. ಹೋದ ವರ್ಷ."

ಅವ್ವ ಕಟಾಂಜನದವರೆಗೆ ನಡೆದು ಕೆಳಗೆ ನೋಡಿದಳು. ಬಹಳ ಹೊತ್ತು ನೋಡಿದಳು.

"ತಪ್ಪು ಮಾಡಾಕತ್ತಾರ. ಅಂಗೈಲೆ ಅಲ್ಲ ಅನ್ನು. ಕೈ ಹೊಳ್ಳಿಸಿ ಬಡಕೋಬೇಕು."

"ಬಹೂ ಏನಂದಳು?" ಎಂದು ಚಾಚಿ ಕೇಳಿದರು. ನಾನು ಹಿಂದಿಯಲ್ಲಿ ಹೇಳಿದೆ. ಚಾಚಿ ತಕ್ಷಣ ಕೆಳಗೆ ಗದರಿದರು: "ಅರೇ ಗಧೋ, ಉಲ್ಟೇ ಹಾಥ್ ಸೇ!" ಹುಡುಗರು ಕೈ ತಿರುಗಿಸಿ ಬಡಿದುಕೊಂಡರು. ಸದ್ದು ಬದಲಾಯಿತು, ಅಣ್ಣನದರ ಹಾಗಾಯಿತು. ಅಪ್ಪ ಕಿಟಕಿಯಿಂದ ತಿರುಗಲಿಲ್ಲ.

ಚಾಚಿ ಅವ್ವನ ಹಣೆಗೆ ಗುಲಾಲು ಹಚ್ಚಿದರು. ಅವ್ವ ಬಗ್ಗಿದಳೋ, ಚಾಚಿಯ ಕೈಯೇ ಮೇಲೆ ಹೋಯಿತೋ ನೆನಪಿಲ್ಲ. ಗುಜಿಯಾ ಆ ದಿನ ನಾವ್ಯಾರೂ ತಿನ್ನಲಿಲ್ಲ.

ಸಂಜೆ ಅವ್ವ ತಾಟು ತೊಳೆದು ಒರೆಸಿದಳು. ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿದಳು. ಕೊಟ್ಟು ಬರಲು ನಾನು ಕೈ ಚಾಚಿದೆ.

"ನಾ ಕೊಡ್ತೀನಿ," ಎಂದಳು.

ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಅಂಗಳದ ನೆಲ ಕೇಸರಿಯಾಗಿತ್ತು. ಅದನ್ನು ತುಳಿಯದೆ ಚಾಚಿಯ ಬಾಗಿಲು ಮುಟ್ಟಲು ದಾರಿಯಿರಲಿಲ್ಲ. ಕೊನೆಯ ಮೆಟ್ಟಿಲ ಮೇಲೆ ತುಸು ನಿಂತು, ಆಮೇಲೆ ತುಳಿದುಕೊಂಡೇ ಹೋದಳು.