ಕುವೈತಿನಲ್ಲಿ ಮಾಲ್ಟಾ ಪರೀಕ್ಷೆ

ಮಿರ್ಕಾಬಿನ ವೀಸಾ ಕಚೇರಿಯ ಬೆಂಚಿನಲ್ಲಿ ನನ್ನ ಪಕ್ಕ ಕುಳಿತು, ಮಂಗಳೂರಿನ ನಮ್ಮ ನೆರೆಮನೆಯ ಹುಡುಗಿ ಲೀನಾ ಮಾಲ್ಟಾ ದೇಶವನ್ನು ಬಾಯಿಪಾಠ ಮಾಡುತ್ತಿದ್ದಳು. ಹನ್ನೊಂದು ವರ್ಷದಿಂದ ಇಲ್ಲಿಯ ಜಹ್ರಾ ಊರಿನ ಆಸ್ಪತ್ರೆಯಲ್ಲಿ ನರ್ಸು. ಇಲ್ಲಿರಲು ಬೇಕಾದ ಇಕಾಮಾ ಈ ತಿಂಗಳಿಗೆ ಖಲಾಸ್. ನರ್ಸ್ ಕೆಲಸಕ್ಕೆ ಅರ್ಜಿ ಹಾಕಿದ ಮಾಲ್ಟಾ ಒಲ್ಲೆನೆಂದರೆ ಊರಿಗೆ ಗಂಟುಮೂಟೆ ಕಟ್ಟಬೇಕು. ನಾನು ಮುಖ್ಯೋಪಾಧ್ಯಾಯನ ಗಾಂಭೀರ್ಯದಿಂದ ಪರೀಕ್ಷೆ ನಡೆಸಿದೆ.

"ಸ್ವಾತಂತ್ರ್ಯ?"

"ಬ್ರಿಟಿಷರಿಂದ, ಅರವತ್ತನಾಲ್ಕರಲ್ಲಿ."

"ನದಿಗಳು?"

"ಒಂದೂ ಇಲ್ಲ ಅಂಕಲ್. ಇಲ್ಲಿಯ ಹಾಗೇ ಸಮುದ್ರದ ಉಪ್ಪು ತೆಗೆದು ಕುಡಿಯೋದು."

ಕರೆ ಬಂತು, ನಾನೂ ಜೊತೆಗೆ ಹೋದೆ. ಮಾಲ್ಟಾದ ಅಧಿಕಾರಿಣಿ ಚರಿತ್ರೆಯ ತಂಟೆಗೇ ಹೋಗಲಿಲ್ಲ. "ನಾನು ಇಂಗ್ಲಿಷ್ ಬಾರದ ಅಜ್ಜಿ ಅಂದುಕೊಳ್ಳಿ" ಎಂದು ಹೇಳಿ, ತಮ್ಮ ಭಾಷೆಯಲ್ಲಿ ಏನೋ ನರಳಿದರು. ರೋಮನ್ ಲಿಪಿಯ ಆ ಯುರೋಪಿನ ಭಾಷೆ ಅರಬ್ಬಿಯ ಮಗಳಂತೆ. ನಮ್ಮ ಬಾಯಿಪಾಠದಲ್ಲಿ ಅದೊಂದೇ ಬಿಟ್ಟುಹೋಗಿತ್ತು.

ಲೀನಾ ಮೇಜಿನಾಚೆ ಕೈಚಾಚಿ ಅವರ ನಾಡಿ ಹಿಡಿದು, ಜಹ್ರಾದ ಮುದುಕಿಯರೊಡನೆ ಆಡುವ ಅರಬ್ಬಿಯಲ್ಲೇ, ಹೊಟ್ಟೆನೋವು ಯಾವಾಗಿನಿಂದ, ನಿನ್ನೆ ಏನು ತಿಂದಿರಿ ಎಂದು ವಿಚಾರಿಸಿದಳು. ಅವರು ತಾವು ಅಧಿಕಾರಿಣಿ ಎಂಬುದನ್ನೇ ಮರೆತು, ನಿಜವಾಗಿ ನೆನಪಿಸಿಕೊಂಡು ಉತ್ತರ ಕೊಟ್ಟರು. ಆಮೇಲೆ ಬಿಡುವಾಗಿದ್ದ ಎಡಗೈಯಿಂದ ಅರ್ಜಿಗೆ ಒಪ್ಪಿಗೆಯ ಮುದ್ರೆ ಒತ್ತಿದರು.

ಹೊರಬಂದ ಲೀನಾಳ ಮುಖ ಬಾಡಿತ್ತು. "ರಾಜಧಾನಿ ಕೂಡ ಕೇಳ್ಲಿಲ್ಲ ಮಾರಾಯ್ರೆ!"

ಮೆಟ್ಟಿಲ ಮೇಲೆ ನಿಂತು ನಾನೇ ಕೇಳಿದೆ.